ಇಕಾಸ್: ಘಟಕ ಸಂರಚನೆಯ ಚರಿತ್ರೆ ಮತ್ತು ಅದರ ಆಕರಗಳು

1. ಪ್ರಸ್ತಾವನೆ

ಮೇಜಿನ ಮೇಲಿನ ಗಣಕಕ್ಕೂ ಮುದ್ರಕ, ಮೋಡೆಮ್, ಅಳತೆಯ ಸಾಧನ ಮುಂತಾದ ಉಪಕರಣಗಳ ಒಡಲಲ್ಲಿ ಹುದುಗಿರುವ ಗಣಕಕ್ಕೂ ಮಹತ್ವದ ವ್ಯತ್ಯಾಸವೊಂದಿದೆ. ಮೊದಲನೆಯದರಲ್ಲಿ ಸಿದ್ಧಪಡಿಸಿದ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಅಸಂಖ್ಯ ಜನರು ಯಥಾವತ್ತಾಗಿ ಬಳಸುತ್ತಾರೆ. ಎರಡನೆಯದರಲ್ಲಿ ಸ್ಮೃತಿಕೋಶ ಕಿರಿದು, ಮಾಡಬೇಕಾದ ಕೆಲಸ ನಿಶ್ಚಿತ. ಆದುದರಿಂದ ಬೇಕಾದ ಘಟಕಗಳನ್ನು ಆಯ್ದು, ಬೇಡವಾದುವನ್ನು ಕೈಬಿಟ್ಟು, ಆಯಾ ಉಪಕರಣಕ್ಕೆ ತಕ್ಕ ವ್ಯವಸ್ಥೆಯೊಂದನ್ನು ಕಟ್ಟಿಕೊಳ್ಳಬೇಕಾಗುತ್ತದೆ. ಈ ಆಯ್ಕೆಯ ಕಾರ್ಯವನ್ನು 'ಸಂರಚನೆ' ಎಂದೂ, ಆಯ್ದ ಘಟಕಗಳನ್ನು ಯಂತ್ರಭಾಷೆಗೆ ತಂದು ಜೋಡಿಸುವ ಕಾರ್ಯವನ್ನು 'ನಿರ್ಮಾಣ' ಎಂದೂ ಇಲ್ಲಿ ಕರೆಯಲಾಗಿದೆ.

ತಂತ್ರಾಂಶದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಮೂಲ ಸಂಕೇತವನ್ನೇ ಪ್ರಧಾನ ಆಕರವೆಂದು ಭಾವಿಸುತ್ತಾರೆ. ಉಪಕರಣಗಳೊಳಗಿನ ತಂತ್ರಾಂಶದ ಮಟ್ಟಿಗೆ ಈ ಭಾವನೆ ಅಪೂರ್ಣವಾದುದು. ಮೂಲ ಸಂಕೇತವು ಸಾಧ್ಯವಿರುವ ಅನೇಕ ವ್ಯವಸ್ಥೆಗಳ ಭಂಡಾರ ಮಾತ್ರ. ಅವುಗಳಲ್ಲಿ ಯಾವುದು ನಿಜವಾಗಿ ಉಪಕರಣದೊಳಗೆ ಸೇರಿತು ಎಂಬುದನ್ನು ಹೇಳುವುದು ಸಂರಚನೆಯ ದಾಖಲೆ. ಈ ಮಾತನ್ನು 'ಇಕಾಸ್' ಎಂಬ ಕಾರ್ಯಾಚರಣ ವ್ಯವಸ್ಥೆಯ ಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಪೂರ್ವಪೀಠಿಕೆ

ಸಂರಚನೆಯ ಸಮಸ್ಯೆ ಇಕಾಸ್‌ನಿಂದ ಆರಂಭವಾದುದಲ್ಲ. 1960ರ ದಶಕದಲ್ಲಿ ಐ.ಬಿ.ಎಂ. ಸಂಸ್ಥೆಯ ಓಎಸ್/360 ವ್ಯವಸ್ಥೆಯನ್ನು ಸ್ಥಾಪಿಸುವಾಗ 'ಸಿಸ್‌ಜೆನ್' ಎಂಬ ವಿಧಾನವನ್ನು ಅನುಸರಿಸಲಾಗುತ್ತಿತ್ತು. ತಮ್ಮಲ್ಲಿರುವ ಯಂತ್ರಗಳನ್ನೂ ತಮಗೆ ಬೇಕಾದ ಸೌಲಭ್ಯಗಳನ್ನೂ ಗಣಕ ಕೇಂದ್ರದವರು ನಿಗದಿತ ಹೇಳಿಕೆಗಳಲ್ಲಿ ಬರೆದುಕೊಡುತ್ತಿದ್ದರು. ಮೊದಲ ಹಂತದಲ್ಲಿ ಆ ಹೇಳಿಕೆಗಳಿಂದ ಕೆಲಸಗಳ ಸರಣಿಯೊಂದು ಹುಟ್ಟುತ್ತಿತ್ತು. ಎರಡನೆಯ ಹಂತದಲ್ಲಿ ಆ ಸರಣಿಯೇ ವ್ಯವಸ್ಥೆಯನ್ನು ಕಟ್ಟುತ್ತಿತ್ತು. ಸಂರಚನೆ ಬೇರೆ, ನಿರ್ಮಾಣ ಬೇರೆ ಎಂಬ ವಿವೇಕ ಆಗಲೇ ಮೂಡಿತ್ತೆಂದು ಇದರಿಂದ ತಿಳಿಯುತ್ತದೆ.

1976ರಲ್ಲಿ ಡೇವಿಡ್ ಪಾರ್ನಾಸ್ ಅವರು 'ಕ್ರಮವಿಧಿಗಳ ಕುಟುಂಬ' ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಒಂದೊಂದು ಕ್ರಮವಿಧಿಯನ್ನು ಪ್ರತ್ಯೇಕವಾಗಿ ನೋಡುವ ಮೊದಲು ಅವೆಲ್ಲಕ್ಕೂ ಸಮಾನವಾದ ಗುಣಗಳನ್ನು ಅಭ್ಯಸಿಸಬೇಕೆಂಬುದು ಅವರ ವಾದದ ಸಾರ. ಅದೇ ವರ್ಷ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಅವರು 'ಮೇಕ್' ಎಂಬ ಸಾಧನವನ್ನು ರೂಪಿಸಿದರು. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂಬುದನ್ನು ಬರೆದಿಟ್ಟರೆ, ಬದಲಾದ ಭಾಗಗಳಷ್ಟನ್ನೇ ಅದು ಮತ್ತೆ ಕಟ್ಟುತ್ತದೆ. ಆದರೆ ಮೇಕ್‌ಗೆ ಗೊತ್ತಿರುವುದು ಕಡತಗಳ ನಡುವಣ ಅವಲಂಬನೆ ಮಾತ್ರ. 'ಈ ಸೌಲಭ್ಯವನ್ನು ಆರಿಸಿದರೆ ಆ ಸೌಲಭ್ಯ ಇರಲೇಬೇಕು' ಎಂಬ ಅರ್ಥದ ಮಟ್ಟದ ಅವಲಂಬನೆ ಬಹುಕಾಲ ಅನುಭವಿಗಳ ನೆನಪಿನಲ್ಲಿಯೇ ಉಳಿದಿತ್ತು.

3. ಇಕಾಸ್‌ನ ಉಗಮ

ಜಾನ್ ಗಿಲ್ಮೋರ್, ಮೈಕೇಲ್ ಟೀಮನ್ ಮತ್ತು ಡೇವಿಡ್ ಹೆಂಕೆಲ್-ವ್ಯಾಲೇಸ್ ಅವರು 1989ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಗ್ನಸ್ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವತಂತ್ರ ತಂತ್ರಾಂಶಕ್ಕೆ ಬೆಂಬಲ ಒದಗಿಸುವುದು ಅದರ ವೃತ್ತಿ. ಗ್ನೂ ಕಂಪೈಲರನ್ನು ಬಗೆಬಗೆಯ ಸಂಸ್ಕಾರಕಗಳಿಗೆ ಅಳವಡಿಸಿದ ಅನುಭವ ಅವರಿಗಿತ್ತು. ಉಪಕರಣ ತಯಾರಕರಲ್ಲಿ ಹಲವರು ತಮ್ಮದೇ ಪುಟ್ಟ ಕಾರ್ಯಾಚರಣ ವ್ಯವಸ್ಥೆಗಳನ್ನು ಬರೆದುಕೊಳ್ಳುತ್ತಿದ್ದುದನ್ನು ಅವರು ಹತ್ತಿರದಿಂದ ಬಲ್ಲವರಾಗಿದ್ದರು. ಒಂದೇ ಆಕರದಿಂದ ಈ ಎಲ್ಲ ಅಗತ್ಯಗಳನ್ನು ಪೂರೈಸಬೇಕಾದರೆ ಆ ಆಕರವನ್ನು ಬುಡದಿಂದಲೇ ಹೊಂದಿಸಿಕೊಳ್ಳುವಂತಿರಬೇಕು ಎಂಬ ಆಲೋಚನೆಯ ಫಲವಾಗಿ 1998ರಲ್ಲಿ ಇಕಾಸ್ ಹೊರಬಂದಿತು. 'ಹೊಂದಿಸಿಕೊಳ್ಳಬಹುದಾದ' ಎಂಬ ವಿಶೇಷಣವು ಅದರ ಹೆಸರಿನಲ್ಲಿಯೇ ಅಡಕವಾಗಿದೆ.

ಇಕಾಸ್‌ನಲ್ಲಿ ಕರ್ನಲ್ ಕೂಡ ಐಚ್ಛಿಕ ಘಟಕ ಎಂಬುದು ಗಮನಾರ್ಹ. ಉಪಕರಣಗಳನ್ನು ಚಾಲನೆಗೆ ತರುವ 'ರೆಡ್‌ಬೂಟ್' ಎಂಬ ತಂತ್ರಾಂಶವನ್ನು ಕರ್ನಲ್ಲನ್ನು ಬಿಟ್ಟು, ಯಂತ್ರಾಂಶಕ್ಕೆ ಹೊಂದಿಕೊಂಡ ಕೆಳಪದರದ ಮೇಲೆಯೇ ಕಟ್ಟಲಾಯಿತು.

4. ಘಟಕಗಳ ಭಾಷೆ

ಇಕಾಸ್‌ನ ವೈಶಿಷ್ಟ್ಯವಿರುವುದು ಸಿ.ಡಿ.ಎಲ್. ಎಂಬ ಘಟಕ ನಿರೂಪಣಾ ಭಾಷೆಯಲ್ಲಿ. ಟಿಕಲ್ ಎಂಬ ಭಾಷೆಯನ್ನು ಆಧರಿಸಿದ ಇದರಲ್ಲಿ ಪ್ರತಿಯೊಂದು ಪ್ಯಾಕೇಜೂ ತನ್ನ ಪರಿಚಯವನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ: ತನ್ನಲ್ಲಿರುವ ಆಯ್ಕೆಗಳು, ಅವುಗಳ ಪೂರ್ವನಿಯೋಜಿತ ಬೆಲೆ, ಸ್ವೀಕಾರಾರ್ಹ ಬೆಲೆಗಳ ಮಿತಿ, ತನಗೆ ಬೇಕಾದ ಇತರ ಘಟಕಗಳು, ಕಂಪೈಲ್ ಮಾಡಬೇಕಾದ ಕಡತಗಳು.

ಒಂದು ನಿದರ್ಶನವನ್ನು ನೋಡಬಹುದು. ಇಕಾಸ್‌ನಲ್ಲಿ ಕೆಲಸಗಳ ಸರದಿಯನ್ನು ನಿರ್ಧರಿಸುವ ಎರಡು ಶೆಡ್ಯೂಲರ್‌ಗಳಿವೆ. ಬಿಟ್‌ಮ್ಯಾಪ್ ಎಂಬುದರಲ್ಲಿ ಪ್ರತಿ ಥ್ರೆಡ್‌ಗೂ ಬೇರೆ ಬೇರೆ ಆದ್ಯತೆ ಇರಬೇಕು. ಬಹುಸ್ತರ ಸಾಲಿನದರಲ್ಲಿ ಹಲವು ಥ್ರೆಡ್‌ಗಳು ಸಮಾನ ಆದ್ಯತೆ ಹೊಂದಿರಬಹುದು. ಅವುಗಳಿಗೆ ಕಾಲವನ್ನು ಹಂಚಿಕೊಡಬಹುದು. ಬಿಟ್‌ಮ್ಯಾಪ್‌ನಲ್ಲಿ ಸಮಾನರೇ ಇಲ್ಲದಿರುವುದರಿಂದ ಕಾಲಹಂಚಿಕೆಗೆ ಅರ್ಥವಿಲ್ಲ. ಎರಡರಲ್ಲಿ ಒಂದು ಇರಲೇಬೇಕು, ಎರಡೂ ಇರಕೂಡದು. ಸಿ.ಡಿ.ಎಲ್. ಇದನ್ನು ಎಣಿಕೆಯಿಂದ ಸಾಧಿಸುತ್ತದೆ: ಶೆಡ್ಯೂಲರ್ ಎಂಬ ಪಾತ್ರವನ್ನು ವಹಿಸಿರುವ, ಚಾಲ್ತಿಯಲ್ಲಿರುವ ಘಟಕಗಳ ಸಂಖ್ಯೆ ಒಂದಕ್ಕೆ ಸಮನಾಗಿರಬೇಕೆಂದು ವಿಧಿಸುತ್ತದೆ. ನಿಯಮ ಮುರಿದರೆ ಸಂರಚನಾ ಸಾಧನವು ಅಸಂಗತಿಯನ್ನು ತೋರಿಸುತ್ತದೆ. ಸಾಧ್ಯವಾದೆಡೆ ಪರಿಹಾರವನ್ನೂ ಸೂಚಿಸುತ್ತದೆ.

ಆಯ್ಕೆ ಮುಗಿದ ಮೇಲೆ ಅದು 'ಇಸಿಸಿ' ಎಂಬ ಉಪನಾಮದ ಕಡತದಲ್ಲಿ ಉಳಿಯುತ್ತದೆ. ಅದರ ಆಧಾರದಿಂದ ಹೆಡರ್ ಕಡತಗಳೂ ಮೇಕ್‌ಗೆ ಬೇಕಾದ ನಿಯಮಗಳೂ ಸಿದ್ಧವಾಗಿ, ಕೊನೆಗೆ ಲೈಬ್ರರಿ ಕಡತವೊಂದು ದೊರೆಯುತ್ತದೆ. ಉಪಕರಣದ ಅನ್ವಯ ತಂತ್ರಾಂಶವನ್ನು ಅದರೊಡನೆ ಜೋಡಿಸಲಾಗುತ್ತದೆ. ಆಯ್ಕೆಗಳಲ್ಲಿ ಬಹುಪಾಲು ಕಂಪೈಲ್ ಆಗುವ ಹಂತದಲ್ಲಿಯೇ ತೀರ್ಮಾನವಾಗುವುದರಿಂದ, ಕೈಬಿಟ್ಟ ಘಟಕ ಉಪಕರಣದೊಳಗೆ ನಿಷ್ಕ್ರಿಯವಾಗಿ ಕುಳಿತಿರುವುದಿಲ್ಲ. ಅದು ಅಲ್ಲಿ ಇರುವುದೇ ಇಲ್ಲ.

5. ಸಂಸ್ಥೆ ಕೈಬಿಟ್ಟ ಬಳಿಕ

1999ರ ನವೆಂಬರ್‌ನಲ್ಲಿ ಸಿಗ್ನಸ್ ಸಂಸ್ಥೆಯನ್ನು ಕೊಳ್ಳುವುದಾಗಿ ರೆಡ್ ಹ್ಯಾಟ್ ಪ್ರಕಟಿಸಿತು. 2002ರಲ್ಲಿ ಅದು ಇಕಾಸ್‌ನ ಕೆಲಸವನ್ನು ನಿಲ್ಲಿಸಿತು. ಅದೇ ವರ್ಷ ಪ್ರಮುಖ ಅಭಿವರ್ಧಕರು ಸೇರಿ ಇಕಾಸ್‌ಸೆಂಟ್ರಿಕ್ ಎಂಬ ಸಂಸ್ಥೆಯನ್ನು ಕಟ್ಟಿದರು. 2003ರಲ್ಲಿ 2.0 ಆವೃತ್ತಿಯೂ 2009ರಲ್ಲಿ 3.0 ಆವೃತ್ತಿಯೂ ಪ್ರಕಟವಾದವು. ಈ ನಡುವೆ 2004ರ ಜನವರಿಯಲ್ಲಿ ತನ್ನ ಹಕ್ಕುಸ್ವಾಮ್ಯವನ್ನು ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನಕ್ಕೆ ವಹಿಸಲು ರೆಡ್ ಹ್ಯಾಟ್ ಒಪ್ಪಿಕೊಂಡಿತು.

ಪೋಷಕ ಸಂಸ್ಥೆ ಕೈಬಿಟ್ಟರೂ ವ್ಯವಸ್ಥೆ ಉಳಿಯಲು ಮುಕ್ತ ಪರವಾನಗಿಯೂ ಮೂಲ ಅಭಿವರ್ಧಕರ ನಿಷ್ಠೆಯೂ ಕಾರಣವೆಂಬುದು ಸ್ಪಷ್ಟ. ಅವುಗಳೊಂದಿಗೆ ಮೂರನೆಯ ಕಾರಣವನ್ನೂ ಸೇರಿಸಬೇಕೆಂಬುದು ಈ ಲೇಖಕನ ಅಭಿಪ್ರಾಯ. ಯಾವ ಘಟಕಕ್ಕೆ ಯಾವುದು ಬೇಕೆಂಬ ತಿಳಿವಳಿಕೆ ಚದುರಿಹೋದ ತಂಡದ ನೆನಪಿನಲ್ಲಿ ಮಾತ್ರ ಇರದೆ, ಘಟಕಗಳ ಪಕ್ಕದಲ್ಲಿಯೇ ಲಿಖಿತ ರೂಪದಲ್ಲಿತ್ತು.

6. ಮಿತಿಗಳು

ಆದರೆ ಈ ಲಿಖಿತ ರೂಪಕ್ಕೂ ಮಿತಿಗಳಿವೆ. ಮೊದಲನೆಯದು ಪರೀಕ್ಷೆಯದು. ಹೌದು-ಅಲ್ಲ ಎಂಬ ಹತ್ತು ಸ್ವತಂತ್ರ ಆಯ್ಕೆಗಳಿಂದ 1,024 ವ್ಯವಸ್ಥೆಗಳು ಸಾಧ್ಯ. ಇನ್ನೂರು ಆಯ್ಕೆಗಳಾದರೆ ಆ ಸಂಖ್ಯೆ 61 ಅಂಕಿಗಳಷ್ಟು ಉದ್ದವಾಗುತ್ತದೆ. ಅವೆಲ್ಲವನ್ನೂ ಪರೀಕ್ಷಿಸುವುದು ಅಸಾಧ್ಯ. ನಿಯಮ ಬರೆದವರಿಗೆ ಹೊಳೆಯದ ಅವಲಂಬನೆಯನ್ನು ಸಾಧನವೂ ಕಾಣಲಾರದು.

ಎರಡನೆಯದು ದಾಖಲೆಯದು. ಇಸಿಸಿ ಕಡತವು ಪ್ಯಾಕೇಜುಗಳ ಹೆಸರನ್ನೂ ಆವೃತ್ತಿಯನ್ನೂ ಹೇಳುತ್ತದೆ. ಆದರೆ ಅಭಿವರ್ಧಕರ ಸಾಮಾನ್ಯ ಭಂಡಾರದಿಂದ ತಂದ ಪ್ಯಾಕೇಜುಗಳ ಆವೃತ್ತಿಯ ಸ್ಥಾನದಲ್ಲಿ 'ಪ್ರಸಕ್ತ' ಎಂಬರ್ಥದ ಪದ ಮಾತ್ರ ಇರುತ್ತಿತ್ತು. ಅದು ಯಾವ ದಿನದ ಪಾಠ ಎಂಬುದು ಆ ಕಡತದಿಂದ ತಿಳಿಯುವುದಿಲ್ಲ. ತಯಾರಕರು ಪ್ಯಾಕೇಜಿನೊಳಗೆ ಮಾಡಿಕೊಂಡ ತಿದ್ದುಪಡಿಗಳೂ ಅದರಲ್ಲಿ ಕಾಣಸಿಗುವುದಿಲ್ಲ.

ಮೂರನೆಯದು ದಾಖಲೆ ಯಾರ ಕೈಯಲ್ಲಿದೆ ಎಂಬುದು. 2022ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಡೆಫ್ ಕಾನ್ ಸಮ್ಮೇಳನದಲ್ಲಿ ಅರ್ಜೆಂಟೀನಾದ ಸಂಶೋಧಕರು ದೋಷವೊಂದನ್ನು ವಿವರಿಸಿದರು. ಇಕಾಸ್ ಬಳಸುವ ರೌಟರ್‌ಗಳಿಗಾಗಿ ರಿಯಲ್‌ಟೆಕ್ ಒದಗಿಸಿದ್ದ ತಂತ್ರಾಂಶದಲ್ಲಿ, ಅಂತರಜಾಲ ದೂರವಾಣಿಯ ಸಂದೇಶಗಳನ್ನು ತಿದ್ದಿ ದಾಟಿಸುವ ಘಟಕದಲ್ಲಿ ಅದು ಅಡಗಿತ್ತು. ದೋಷ ಇಕಾಸ್‌ನದಲ್ಲ, ಅದರೊಡನೆ ಸೇರಿಸಿದ ಘಟಕದ್ದು. ರಿಯಲ್‌ಟೆಕ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಪರಿಹಾರ ನೀಡಿತ್ತು. ಆದರೆ ಆ ತಂತ್ರಾಂಶವನ್ನು ಅನೇಕ ತಯಾರಕರು ತಮ್ಮ ತಮ್ಮ ಹೆಸರಿನ ರೌಟರ್‌ಗಳಲ್ಲಿ ಬಳಸಿದ್ದರು. ತನ್ನ ಮನೆಯ ರೌಟರಿನಲ್ಲಿ ಆ ಘಟಕವಿದೆಯೇ ಎಂಬುದನ್ನು ಅರಿಯಲು ಅದರ ಒಡೆಯನಿಗೆ ಸುಲಭದ ದಾರಿ ಇರಲಿಲ್ಲ. ಆಯ್ಕೆಯ ಲೆಕ್ಕ ಇದ್ದುದು ತಯಾರಕರ ಬಳಿ.

7. ಸಮಾರೋಪ

2010ರಲ್ಲಿ ಬರ್ಗರ್ ಮತ್ತಿತರ ವಿದ್ವಾಂಸರು ಇಕಾಸ್‌ನ ಸಿ.ಡಿ.ಎಲ್. ಅನ್ನೂ ಲಿನಕ್ಸ್ 2002ರಲ್ಲಿ ಅಳವಡಿಸಿಕೊಂಡ ಕೆಕಾನ್‌ಫಿಗ್ ಭಾಷೆಯನ್ನೂ ತುಲನಾತ್ಮಕವಾಗಿ ಅಭ್ಯಸಿಸಿದರು. ಅಂದಿನಿಂದ ಸಂರಚನೆಯ ಈ ಬರಹಗಳು ಸ್ವತಃ ಅಧ್ಯಯನದ ವಸ್ತುಗಳಾಗಿವೆ. ನಮ್ಮ ಸಂಗ್ರಹಾಲಯಗಳೂ ಗ್ರಂಥಾಲಯಗಳೂ ತಂತ್ರಾಂಶವನ್ನು ಸಂರಕ್ಷಿಸಲು ಮುಂದಾಗುವಾಗ ಇದನ್ನು ಗಮನಿಸಬೇಕು. ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸುವವರು ಯಾವ ಪ್ರತಿಯಿಂದ ಯಾವ ಪಾಠವನ್ನು ಸ್ವೀಕರಿಸಿದೆವೆಂದು ನಮೂದಿಸುತ್ತಾರೆ. ಉಪಕರಣದ ತಂತ್ರಾಂಶಕ್ಕೂ ಅದೇ ಶಿಸ್ತು ಅಗತ್ಯ. ಮೂಲ ಸಂಕೇತದೊಂದಿಗೆ ಸಂರಚನೆಯ ಕಡತ, ಪ್ಯಾಕೇಜುಗಳ ನಿಖರ ಆವೃತ್ತಿ, ಸ್ಥಳೀಯ ತಿದ್ದುಪಡಿಗಳು, ಬಳಸಿದ ಕಂಪೈಲರಿನ ಆವೃತ್ತಿ — ಈ ನಾಲ್ಕನ್ನೂ ಕೂಡಿಸಿಡಬೇಕು. ಇವಿಲ್ಲದಿದ್ದರೆ ಮುಂದಿನ ಸಂಶೋಧಕನಿಗೆ ದೊರೆಯುವುದು ಭಂಡಾರ ಮಾತ್ರ; ಅದರಿಂದ ಕಟ್ಟಿದ ವ್ಯವಸ್ಥೆ ಯಾವುದೆಂದು ಹೇಳಲು ಅವನಿಗೆ ಆಧಾರವಿರುವುದಿಲ್ಲ.