ಒಂಬತ್ತರ ಮಗ್ಗಿ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ನರ್ಸಾಗಿ ದುಡಿದವಳು ನಾನು. ಸೀಮೆಎಣ್ಣೆ ಸ್ಟೋವ್ ಸಿಡಿದು ಸುಟ್ಟುಕೊಂಡು ಬಂದವರ ಮೈಗೆ ಬಳಿದ ಟೂತ್‌ಪೇಸ್ಟ್ ತೊಳೆದು, ಆಮೇಲೆ ಮೈ ಶೇಕಡಾ ಎಷ್ಟು ಸುಟ್ಟಿದೆ ಎಂಬ ಲೆಕ್ಕ: ತಲೆ 9, ಒಂದೊಂದು ಕೈ 9, ಒಂದೊಂದು ಕಾಲು 18, ಎದೆ-ಹೊಟ್ಟೆ ಸೇರಿ ಮುಂಭಾಗ 18, ಬೆನ್ನು 18, ಉಳಿದ 1 ಗುಪ್ತಾಂಗಕ್ಕೆ. 1951ರಲ್ಲಿ ವ್ಯಾಲೇಸ್ ಎಂಬ ವೈದ್ಯರು ಪ್ರಚಾರಕ್ಕೆ ತಂದ ಮಗ್ಗಿಯಿದು. ಕೂಸುಗಳಿಗೆ ಹೊಂದದು, ಅವುಗಳ ತಲೆ ದೊಡ್ಡದು, ಕಾಲು ಸಣ್ಣವು. ಲುಂಡ್ ಮತ್ತು ಬ್ರೌಡರ್ 1944ರಲ್ಲೇ ವಯಸ್ಸಿಗೆ ತಕ್ಕ ನಕ್ಷೆ ಮಾಡಿದ್ದರು. ಅಲ್ಲಲ್ಲಿ ಸುಟ್ಟಿದ್ದರೆ ಅಳತೆಗೆ ರೋಗಿಯದೇ ಅಂಗೈ, ಬೆರಳು ಸೇರಿ, ಸುಮಾರು ಶೇಕಡಾ 1. ಬರೀ ಕೆಂಪಾದದ್ದು ಲೆಕ್ಕಕ್ಕಿಲ್ಲ.

ಈ ಶೇಕಡಾ ಲೆಕ್ಕದ ಮೇಲೆಯೇ ಡ್ರಿಪ್: 50 ಕಿಲೋ ತೂಕದವರಿಗೆ ಶೇ. 20 ಸುಟ್ಟರೆ, ತೂಕದ ಪ್ರತಿ ಕಿಲೋಗೆ, ಸುಟ್ಟ ಪ್ರತಿ ಶೇಕಡಾ ಒಂದಕ್ಕೆ 4 ಮಿಲಿ ಎಂಬ ಸೂತ್ರದಂತೆ ಮೊದಲ 24 ತಾಸಿಗೆ 4 ಲೀಟರ್ ರಿಂಗರ್ ಲ್ಯಾಕ್ಟೇಟ್; ಅರ್ಧ ಮೊದಲ 8 ತಾಸಿನಲ್ಲೇ. ಆ ತಾಸು ಆಸ್ಪತ್ರೆಗೆ ಬಂದಾಗಿನಿಂದಲ್ಲ, ಸುಟ್ಟಾಗಿನಿಂದ. ಕರೆತರುವವರು ಸುಟ್ಟ ಹೊತ್ತು ನೆನಪಿಟ್ಟು ಹೇಳ್ರಿ.