ಮದುವಣಗಿತ್ತಿಯ ಎಣ್ಣೆನೀರು

ಮದುವೆಗೆ ಮುಂಚೆ ವಧುವು ತನ್ನ ಗೆಳತಿಯರೊಡನೆ ಒಂದು ದಿವಸವನ್ನು ವಿಶ್ರಾಂತಿಯಲ್ಲಿ ಕಳೆಯುವ ಪದ್ಧತಿಯೊಂದು ಈಚೆಗೆ ನಮ್ಮ ನಗರಗಳಲ್ಲಿ ಕಾಣಿಸಿಕೊಂಡಿದೆ. ಅದಕ್ಕೆ ಪಶ್ಚಿಮದಿಂದ ಬಂದ ‘ಬ್ಯಾಚಲೊರೆಟ್ ಪಾರ್ಟಿ’ ಎಂಬ ಹೆಸರನ್ನೇ ಬಳಸುತ್ತಾರೆ. ನಾಲ್ಕಾರು ಹೆಣ್ಣುಮಕ್ಕಳು ಮನೆಯಲ್ಲಿಯೇ ಕಲೆತು, ಮೈಗೆ ತೈಲವನ್ನು ತಿಕ್ಕಿಸಿಕೊಂಡು, ಮುಖಕ್ಕೆ ಲೇಪವನ್ನು ಹಚ್ಚಿ, ಕಾಲುಗಳನ್ನು ಬಿಸಿನೀರಿನಲ್ಲಿಟ್ಟು, ಹಣ್ಣಿನ ರಸವನ್ನು ಕುಡಿಯುತ್ತ ಹರಟೆಯಲ್ಲಿ ಹೊತ್ತು ಕಳೆಯುವುದು ಇದರ ಕ್ರಮ. ಇದನ್ನು ಕೇಳಿದ ಹಿರಿಯರಲ್ಲಿ ಕೆಲವರು ಹೊಸ ಷೋಕಿಯೆಂದು ಮುಖ ತಿರುಗಿಸುತ್ತಾರೆ. ಕಿರಿಯರು ತಮ್ಮ ಕಾಲದ ಹೊಸ ಸ್ವಾತಂತ್ರ್ಯವೆಂದು ಹಿಗ್ಗುತ್ತಾರೆ. ವಿಚಾರಮಾಡಿ ನೋಡಿದರೆ ಇಬ್ಬರ ಮಾತೂ ಪೂರ್ಣವಾಗಿ ನಿಜವಲ್ಲ. ನಮ್ಮ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಎಣ್ಣೆಶಾಸ್ತ್ರ, ಅರಿಸಿನಶಾಸ್ತ್ರಗಳೆಂಬ ಹೆಸರಿನಿಂದ ನಡೆದುಬಂದಿರುವ ಆಚಾರದ ಚರಿತ್ರೆಯನ್ನು ಸ್ವಲ್ಪ ಪರಿಶೀಲಿಸಿದಲ್ಲಿ ಇದರಲ್ಲಿ ಹಳೆಯದೆಷ್ಟು, ಹೊಸದೆಷ್ಟು, ಉಳಿಸಿಕೊಳ್ಳತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದು ಸ್ಪಷ್ಟವಾಗುವುದು.

ಮೊದಲು ಹೊರನಾಡುಗಳ ಮಾತು. ‘ಸ್ಪಾ’ ಎಂಬುದು ಮೂಲದಲ್ಲಿ ಬೆಲ್ಜಿಯಂ ದೇಶದ ಒಂದು ಊರಿನ ಹೆಸರು. ಅಲ್ಲಿಯ ಖನಿಜಜಲದ ಬುಗ್ಗೆಗಳು ಆರೋಗ್ಯಕರವೆಂದು ಹಲವು ಶತಮಾನಗಳಿಂದ ಪ್ರಸಿದ್ಧವಾಗಿದ್ದುದರಿಂದ ಊರಿನ ಹೆಸರೇ ಸ್ನಾನೋಪಚಾರಕ್ಕೆ ಅಂಕಿತವಾಯಿತು. ಆದರೆ ವಿವಾಹಕ್ಕೂ ಸ್ನಾನಕ್ಕೂ ಇರುವ ನಂಟು ಅದಕ್ಕಿಂತ ಬಹಳ ಹಳೆಯದು. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರನಾದ ಥೂಸಿಡಿಡೀಸನು, ಅಥೆನ್ಸ್ ನಗರದ ಒಂದು ಚಿಲುಮೆಯ ನೀರನ್ನು ಮದುವೆಗೆ ಮುಂಚಿನ ವಿಧಿಗಳಿಗೆ ಬಳಸುವ ವಾಡಿಕೆಯಿತ್ತೆಂದು ಬರೆದಿದ್ದಾನೆ. ಅಂತಹ ನೀರನ್ನು ತರುವುದಕ್ಕೆಂದೇ ಉದ್ದಕೊರಳಿನ ಮಣ್ಣಿನ ಹೂಜಿಗಳು ಅಲ್ಲಿ ಬಳಕೆಯಲ್ಲಿದ್ದುವು. ತುರ್ಕಿಯಲ್ಲಿ ನೆಂಟರಿಷ್ಟರಾದ ಹೆಂಗಸರೆಲ್ಲ ಕೂಡಿ ವಧುವನ್ನು ಹಮಾಮಿಗೆ ಕರೆದೊಯ್ದು ಹಾಡು ಫಲಾಹಾರಗಳೊಡನೆ ಹೊತ್ತು ಕಳೆಯುವ ‘ವಧುವಿನ ಹಮಾಮ್’ ಎಂಬ ಉತ್ಸವವುಂಟು. ಬಂಗಾಳದಲ್ಲಿ ಮೈಗೆ ಅರಿಸಿನ ಹಚ್ಚುವ ಶಾಸ್ತ್ರವು ಮದುವೆಯ ಮುಖ್ಯಾಂಗಗಳಲ್ಲಿ ಒಂದು. ಹೆಣ್ಣು ಹೊಸ ಬಾಳಿನ ಹೊಸಿಲನ್ನು ದಾಟುವುದಕ್ಕೆ ಮುಂಚೆ ಬಲ್ಲವರ ಕೈಯಿಂದ ಮೀಯಬೇಕೆಂಬ ಭಾವನೆ ದೂರದೂರದ ಜನರಲ್ಲಿಯೂ ಮೂಡಿದೆಯೆಂದ ಮೇಲೆ, ಅದರ ಬೇರು ಷೋಕಿಯಲ್ಲಿ ಇಲ್ಲವೆಂಬುದು ನಿಶ್ಚಯ.

ಇನ್ನು ಕನ್ನಡನಾಡಿಗೆ ಬರೋಣ. ಇಲ್ಲಿ ಅಭ್ಯಂಜನ ಸುಗಂಧಗಳನ್ನು ಒಂದು ವಿದ್ಯೆಯೆಂದೇ ಎಣಿಸಿದ್ದುದಕ್ಕೆ ಗ್ರಂಥಸಾಕ್ಷ್ಯವಿದೆ. ಕ್ರಿ.ಶ. ೧೦೨೫ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ವು ಮನೆ ಕಟ್ಟುವುದು, ನೆಲದೊಳಗಿನ ನೀರನ್ನು ಗುರುತಿಸುವುದು, ಗಿಡಮರಗಳ ಆರೈಕೆ, ಅಡಿಗೆ ಮೊದಲಾದವುಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಯನ್ನೂ ತಿಳಿಸುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ವಿಲೇಪನ, ತಾಂಬೂಲ, ವಸ್ತ್ರ, ಮಾಲ್ಯ, ಭೂಷಣಗಳನ್ನು ಒಂದೊಂದು ಭೋಗವೆಂದು ವಿಂಗಡಿಸಿ ವರ್ಣಿಸಿದ್ದಾನೆ. ಅದೇ ಯುಗದಲ್ಲಿ, ೧೧೧೭ರಲ್ಲಿ, ವಿಷ್ಣುವರ್ಧನನು ನಮ್ಮ ಜಿಲ್ಲೆಯ ಬೇಲೂರಿನಲ್ಲಿ ಪ್ರತಿಷ್ಠೆಮಾಡಿದ ಚೆನ್ನಕೇಶವನ ಗುಡಿಯಲ್ಲಿ ಕನ್ನಡಿ ಹಿಡಿದು ತನ್ನ ಅಲಂಕಾರವನ್ನು ನೋಡಿಕೊಳ್ಳುವ ದರ್ಪಣಸುಂದರಿಯನ್ನು ಇಂದಿಗೂ ಕಾಣಬಹುದು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು, ಕೃಷ್ಣದೇವರಾಯನು ಬೆಳಗಾಗುವುದಕ್ಕೆ ಮುಂಚೆ ಎಳ್ಳೆಣ್ಣೆಯನ್ನು ಕುಡಿದು, ಅದನ್ನೇ ಮೈಗೆಲ್ಲ ಹಚ್ಚಿಕೊಂಡು, ಸಾಧನೆ ಮಾಡಿ, ಬಳಿಕ ಸ್ನಾನಮಾಡುತ್ತಿದ್ದನೆಂದು ಹೇಳಿದ್ದಾನೆ.

ಇವೆಲ್ಲ ಬಹುಮಟ್ಟಿಗೆ ಅರಮನೆಯ ವೈಭವ. ಎಣ್ಣೆಯೆಂಬುದು ಗಾಣದಿಂದ ಅಳೆದು ತರುವ ಪದಾರ್ಥವಾಗಿದ್ದ ಕಾಲದಲ್ಲಿ ಒಕ್ಕಲಿನ ಮನೆಯ ಹೆಣ್ಣಿಗೆ ಮೈತುಂಬ ಎಣ್ಣೆ, ಹಂಡೆತುಂಬ ಬಿಸಿನೀರು ದಿನದಿನವೂ ಎಲ್ಲಿಂದ ಬಂದೀತು? ಯುಗಾದಿ, ನರಕಚತುರ್ದಶಿ, ಬಾಣಂತನ ಮತ್ತು ಮದುವೆ, ಇವೇ ಅವಳ ಪಾಲಿನ ಅಭ್ಯಂಜನದ ಕಾಲಗಳು. ಅರಸನಿಗೆ ನಿತ್ಯವಾಗಿದ್ದುದು ಅವಳಿಗೆ ನೈಮಿತ್ತಿಕವಾಗಿತ್ತು. ಆದುದರಿಂದಲೇ ಮದುವಣಗಿತ್ತಿಯ ಎಣ್ಣೆನೀರಿಗೆ ಅಷ್ಟು ಸಂಭ್ರಮ. ಆ ಒಂದು ದಿವಸ ಅವಳು ಅರಸಿ.

ಆ ದಿವಸದ ಸಿದ್ಧತೆಯನ್ನು ನೋಡಿರಿ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಬಾವಿಯ ನೀರನ್ನು ತುಂಬಿ, ಬೆಳಕು ಹರಿಯುವುದಕ್ಕೆ ಮುಂಚೆಯೇ ಒಲೆ ಹೊತ್ತಿಸುತ್ತಿದ್ದರು. ಐದು ಮಂದಿ ಮುತ್ತೈದೆಯರು ಒನಕೆಗೆ ಪೂಜೆಮಾಡಿ ಅರಿಸಿನದ ಕೊಂಬುಗಳನ್ನು ಕುಟ್ಟುವರು. ಎಣ್ಣೆಯು ಆಯಾ ಸೀಮೆಯ ಬೆಳೆಯಂತೆ. ತೆಂಗು ಹೆಚ್ಚಾಗಿರುವ ಚನ್ನರಾಯಪಟ್ಟಣದ ಕಡೆ ಕೊಬ್ಬರಿಯೆಣ್ಣೆ. ಉಳಿದೆಡೆ ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆ. ನೆತ್ತಿಗೆ ತಂಪೆಂದು ಹರಳೆಣ್ಣೆ. ಜಿಡ್ಡು ತೆಗೆಯುವುದಕ್ಕೆ ಕಡಲೆಹಿಟ್ಟು, ಹೆಸರುಹಿಟ್ಟು, ಅಂಟುವಾಳ. ಕೂದಲಿಗೆ ಮಲೆನಾಡಿನ ಕಾಡಿನಿಂದ ಬಂದ ಸೀಗೆ, ದಾಸವಾಳದ ಎಲೆಯ ಲೋಳೆ. ರಂಗೋಲಿಯ ಮೇಲೆ ಮಣೆಯಿಟ್ಟು ಮದುವಣಗಿತ್ತಿಯನ್ನು ಕೂರಿಸಿ, ಹಿರಿಯ ಮುತ್ತೈದೆಯರು ಗರಿಕೆಯ ಅಥವಾ ವೀಳೆಯದೆಲೆಯ ತುದಿಯಿಂದ ಪಾದ, ಮಂಡಿ, ಭುಜ, ನೆತ್ತಿಗಳಿಗೆ ಎಣ್ಣೆ ಮುಟ್ಟಿಸಿ ಆರತಿಯೆತ್ತುವರು. ಇದು ಶಾಸ್ತ್ರದ ಭಾಗ. ಅನಂತರ ಸೋದರತ್ತೆಯೋ ಅತ್ತಿಗೆಯೋ ಸೆರಗು ಸಿಕ್ಕಿಸಿ ನಿಜವಾಗಿ ತಿಕ್ಕುವುದು, ನೀರು ಹೊಯ್ಯುವುದು. ಆಮೇಲೆ ಕೂದಲಿಗೆ ಸಾಂಬ್ರಾಣಿಯ ಹೊಗೆ, ಹೂವು, ಬಿಸಿ ಅನ್ನ, ತಿಳಿಸಾರು. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಇವು ಉದ್ದಕ್ಕೂ ನಡೆಯುತ್ತಿದ್ದುವು. ಗಂಡಸರ ಕಿವಿಗೆ ಬೀಳದೆ ಹೆಂಗಸರು ಮನಬಿಚ್ಚಿ ನಗುವುದಕ್ಕೆ ಅವಕಾಶವಿದ್ದ ಕೆಲವೇ ಗಳಿಗೆಗಳಲ್ಲಿ ಇದೊಂದು.

ಇದರ ಜೊತೆಗೆ ಒಂದು ಕಟ್ಟಳೆಯೂ ಇತ್ತು. ಅರಿಸಿನ ಮುಟ್ಟಿದ ಮೇಲೆ ಹುಡುಗಿಯು ಹೊಸಿಲು ದಾಟಬಾರದು, ಕೆಲಸ ಮುಟ್ಟಬಾರದು. ದೃಷ್ಟಿಯ ಭಯದಿಂದ ಹುಟ್ಟಿದ ನಿಯಮವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ನೀರು, ಸೌದೆ, ಬೀಸುವ ಕಲ್ಲುಗಳ ನಡುವೆ ಬೆಳೆದ ಹುಡುಗಿಗೆ ಎರಡು ದಿವಸದ ಬಿಡುವನ್ನು ಯಾರೂ ಮುರಿಯಲಾರದಂತೆ ಕೊಡಿಸಿದ್ದು ಆ ನಿಯಮವೇ. ‘ಸ್ವಲ್ಪ ಕುಳಿತುಕೋ ಮಗಳೇ’ ಎಂಬ ತಾಯಿಯ ಮಾತಿಗಿಂತ ಶಾಸ್ತ್ರದ ಮಾತಿಗೆ ಮನೆಯಲ್ಲಿ ಬೆಲೆ ಹೆಚ್ಚಷ್ಟೆ.

ಹಾಗೆಂದು ಹಳೆಯದೆಲ್ಲವೂ ಚೆನ್ನಾಗಿತ್ತೆಂದು ಹೇಳುವಂತಿಲ್ಲ. ಮಣೆಯ ಮೇಲೆ ಕುಳಿತವಳು ಯಾರು, ಸುತ್ತಲೂ ನಿಂತವರು ಯಾರು ಎಂಬುದನ್ನು ಕೇಳಿದಾಗ ಚಿತ್ರವು ಬೇರೆಯಾಗುತ್ತದೆ. ೧೮೯೪ರಲ್ಲಿ ಮೈಸೂರು ಸಂಸ್ಥಾನವು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸರು ಹದಿನಾಲ್ಕರ ಕೆಳಗಿನ ಹುಡುಗಿಯರನ್ನು ಮದುವೆಯಾಗುವುದನ್ನೂ ಶಾಸನದಿಂದ ನಿಷೇಧಿಸಬೇಕಾಯಿತು. ಅಂತಹ ಶಾಸನವು ಬೇಕಾಯಿತೆಂಬುದರಿಂದಲೇ ಅಂದಿನ ಸ್ಥಿತಿಯನ್ನು ಊಹಿಸಬಹುದು. ಕೆಲವು ಸಮುದಾಯಗಳಲ್ಲಿ ಎಣ್ಣೆಶಾಸ್ತ್ರದ ಮದುವಣಗಿತ್ತಿಯೆಂದರೆ, ಕಣ್ಣಿಗೆ ಸೀಗೆ ಹೋಯಿತೆಂದು ಅಳುವ ವಯಸ್ಸಿನ ಮಗು. ಹಾಡುಗಳ ಸರಸವು ಅವಳಿಗೆ ತಿಳಿಯುವಂತಿರಲಿಲ್ಲ. ಅವಳಿಗೆ ಆಟದ ಜೊತೆಗಾತಿಯರಿದ್ದರೇ ಹೊರತು ಮನಸ್ಸನ್ನು ತೋಡಿಕೊಳ್ಳುವ ಗೆಳತಿಯರಿರಲಿಲ್ಲ. ಪ್ರೌಢವಿವಾಹವು ರೂಢಿಯಲ್ಲಿದ್ದ ಸಮುದಾಯಗಳಲ್ಲಿ ಮಾತ್ರ ಓರಗೆಯ ಹುಡುಗಿಯರಿಗೆ ಅಲ್ಲಿ ಅರ್ಥವುಳ್ಳ ಸ್ಥಾನವಿರಲು ಸಾಧ್ಯವಿತ್ತು. ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಅವರು ಮೈಸೂರಿನ ಜಾತಿಪಂಗಡಗಳನ್ನು ಕುರಿತು ೧೯೨೮ರಿಂದ ೧೯೩೫ರವರೆಗೆ ಹೊರತಂದ ನಾಲ್ಕು ಸಂಪುಟಗಳನ್ನೂ, ಎಂ. ಎನ್. ಶ್ರೀನಿವಾಸರು ಮೈಸೂರಿನ ವಿವಾಹ ಮತ್ತು ಕುಟುಂಬಗಳ ಬಗ್ಗೆ ೧೯೪೨ರಲ್ಲಿ ಪ್ರಕಟಿಸಿದ ಗ್ರಂಥವನ್ನೂ ನೋಡಿದವರಿಗೆ ಈ ಆಚಾರಗಳ ವೈವಿಧ್ಯವು ತಿಳಿಯುವುದು.

ಎರಡನೆಯದಾಗಿ, ವಿಧವೆಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮದುವಣಗಿತ್ತಿಯನ್ನು ಎತ್ತಿ ಆಡಿಸಿದ ಅಜ್ಜಿಯೋ, ದೊಡ್ಡಮ್ಮನೋ ಆ ಗಳಿಗೆಯಲ್ಲಿ ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲಬೇಕಾಗಿತ್ತು. ತಲೆಗೆ ಎಣ್ಣೆಯೊತ್ತುವುದರಲ್ಲಿ ಅವಳ ಕೈಯನ್ನು ಮೀರಿಸಿದವರು ಮನೆಯಲ್ಲಿ ಇಲ್ಲದಿದ್ದರೂ ಆ ದಿವಸ ಅವಳ ಕೈ ಬೇಡ. ಈ ಕ್ರೌರ್ಯವನ್ನು ಮಂಗಳವೆಂದು ಕರೆದುಕೊಂಡು ಬಂದೆವು. ಮೂರನೆಯದಾಗಿ, ಒಬ್ಬಳ ವಿಶ್ರಾಂತಿಯು ಹತ್ತು ಮಂದಿಯ ಶ್ರಮದ ಮೇಲೆ ನಿಂತಿತ್ತು. ನೀರು ಸೇದಿದವಳು, ಸೌದೆ ಹೊತ್ತವಳು, ಎಲ್ಲಕ್ಕಿಂತ ಹೆಚ್ಚಾಗಿ ಮದುಮಗಳ ತಾಯಿ, ಇವರಿಗೆ ಯಾವ ಶಾಸ್ತ್ರವೂ ಬಿಡುವನ್ನು ವಿಧಿಸಲಿಲ್ಲ.

ಕಾಲವು ಬದಲಾಯಿತು. ಮೈಸೂರಿನಲ್ಲಿ ೧೮೮೧ರಲ್ಲಿ ಆರಂಭವಾದ ಮಹಾರಾಣಿಯವರ ಬಾಲಿಕಾ ಪಾಠಶಾಲೆಯಂತಹ ಸಂಸ್ಥೆಗಳಿಂದ ಹೆಣ್ಣುಮಕ್ಕಳ ಓದು ಹಬ್ಬಿತು. ೧೯೨೯ರ ಶಾರದಾ ಶಾಸನವು ಬ್ರಿಟಿಷ್ ಇಂಡಿಯಾದಲ್ಲಿ ವಧುವಿನ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿತು. ಸ್ವತಂತ್ರ ಭಾರತದಲ್ಲಿ ೧೯೭೮ರ ತಿದ್ದುಪಡಿಯು ಅದನ್ನು ಹದಿನೆಂಟಕ್ಕೆ ತಂದಿತು. ಪಾಠಶಾಲೆ, ಕಾಲೇಜು, ಕಚೇರಿಗಳಿಂದ ಬಂದ, ಜಾತಿ ಊರುಗಳ ಗಡಿ ದಾಟಿದ ‘ಗೆಳತಿ’ಯೆಂಬ ವ್ಯಕ್ತಿಯು ಮದುವೆಯ ಮನೆಯೊಳಕ್ಕೆ ಬಂದದ್ದು ಹೀಗೆ. ಇಂದಿನ ಗೆಳತಿಯರ ಕೂಟದಲ್ಲಿ ನಿಜವಾಗಿ ಹೊಸದೆಂದರೆ ಇದೊಂದೇ. ಇದು ಸಂತೋಷಪಡತಕ್ಕ ಹೊಸತು.

ಅದೇ ಕಾಲದಲ್ಲಿ ಹಳೆಯ ಶಾಸ್ತ್ರವು ಮೊಟಕಾಯಿತು. ೧೯೧೬ರಲ್ಲಿ ಬೆಂಗಳೂರಿನಲ್ಲಿ ಶ್ರೀಗಂಧದ ಎಣ್ಣೆಯ ಸರ್ಕಾರಿ ಕಾರ್ಖಾನೆ ಆರಂಭವಾಗಿ, ೧೯೧೮ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದಿತು. ನಾಡಿನ ಗಂಧವೇ ಬಿಲ್ಲೆಯಾಗಿ ಬಚ್ಚಲಿಗೆ ಬಂದುದರಿಂದ ಹಿಟ್ಟು ಸೀಗೆಗಳು ಮೆಲ್ಲಗೆ ಹಿಂದೆ ಸರಿದುವು. ಹಂಡೆಯ ಜಾಗಕ್ಕೆ ಗೀಸರು ಬಂದಿತು. ಮದುವೆಯು ಮನೆಯಿಂದ ಕಲ್ಯಾಣಮಂಟಪಕ್ಕೆ ಹೋಯಿತು. ಅಲ್ಲಿ ಹೊತ್ತು ಹಿಡಿದು ತಲೆಗೆ ಎಣ್ಣೆಯೊತ್ತುವುದಕ್ಕೆ ಎಡೆಯೆಲ್ಲಿ? ಕೆನ್ನೆಗೆ ಬೆರಳಿನಷ್ಟು ಅರಿಸಿನ, ಹಳದಿ ಉಡುಪು, ಛಾಯಾಚಿತ್ರ, ಇಷ್ಟರಲ್ಲಿ ಶಾಸ್ತ್ರವು ಮುಗಿಯುವುದು ಈಗ ಸಾಮಾನ್ಯ. ಆದುದರಿಂದ ಶಾಸ್ತ್ರವು ಕಳೆದುಕೊಂಡ ಬಿಡುವನ್ನೇ ಗೆಳತಿಯರ ಕೂಟವು ಬೇರೆ ಹೆಸರಿನಲ್ಲಿ ಹುಡುಕಿಕೊಳ್ಳುತ್ತಿದೆಯೆಂದು ನನ್ನ ಅಭಿಪ್ರಾಯ. ಹಿರಿಯರು ಅದನ್ನು ಹೀಗಳೆಯುವುದಕ್ಕೆ ಬದಲಾಗಿ ತಮ್ಮ ಮನೆಯಲ್ಲಿಯೇ ಅದಕ್ಕೆ ಎಡೆಮಾಡಿಕೊಡುವುದು ಲೇಸು.

ಹಾಗೆ ಏರ್ಪಡಿಸುವವರು ಕೆಲವು ಸಂಗತಿಗಳನ್ನು ಮನಸ್ಸಿನಲ್ಲಿಡತಕ್ಕದ್ದು. ಧಾರೆಗೆ ಎರಡು ಮೂರು ದಿವಸ ಮೊದಲು, ಬೆಳಗಿನ ಹೊತ್ತನ್ನು ಇದಕ್ಕೆ ಮೀಸಲಿಡಬೇಕು. ಅಜೀರ್ಣವಿದ್ದಾಗ ಅಭ್ಯಂಗವನ್ನೂ, ಉಂಡ ಕೂಡಲೆ ಸ್ನಾನವನ್ನೂ ವಾಗ್ಭಟನ ‘ಅಷ್ಟಾಂಗಹೃದಯ’ವು ನಿಷೇಧಿಸಿದೆ, ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಎಣ್ಣೆ ಹಾಕಬೇಕೆಂದು ಹೇಳಿದೆ. ಹೊಸ ಲೇಪವಾವುದನ್ನೂ ಮೊದಲು ಮುಂಗೈಗೆ ಹಚ್ಚಿ ಒಂದು ದಿವಸ ಕಾದು ನೋಡದೆ ಮುಖಕ್ಕೆ ಬಳಿಯಬಾರದು. ಎಣ್ಣೆ ಚೆಲ್ಲಿದ ಬಚ್ಚಲಿನಲ್ಲಿ ಕಾಲು ಜಾರುವುದು ಸುಲಭ. ಅನಿಲದ ಗೀಸರು ಇದ್ದಲ್ಲಿ ಗಾಳಿಯಾಡುವ ಕಿಟಕಿಯು ತೆರೆದಿರಲೇಬೇಕು. ಆರೇಳು ಮಂದಿಗಿಂತ ಹೆಚ್ಚಾದರೆ ಕೊನೆಯವಳಿಗೆ ತಣ್ಣೀರೇ ಗತಿ. ಮನೆಗೆಲಸದವಳನ್ನು ಆ ದಿವಸ ಹೆಚ್ಚಾಗಿ ದುಡಿಸದೆ, ಗೆಳತಿಯರೇ ಒಬ್ಬರ ತಲೆಗೊಬ್ಬರು ಎಣ್ಣೆಯೊತ್ತಲಿ.

ಕೊನೆಯದಾಗಿ, ಮುಖ್ಯವಾದುದು ಕರೆಯುವವರ ಪಟ್ಟಿ. ಅದರಲ್ಲಿ ಗೆಳತಿಯರ ಹೆಸರು ಇರಲಿ; ಅತ್ತಿಗೆ, ಸೋದರತ್ತೆಯರ ಹೆಸರೂ ಇರಲಿ. ಹಿಂದೆ ಬಾಗಿಲ ಹಿಂದೆ ನಿಂತಿದ್ದ ದೊಡ್ಡಮ್ಮನನ್ನು ಮೊದಲು ಕರೆದು, ಮೊದಲ ಎಣ್ಣೆಯನ್ನು ಅವಳ ಕೈಯಿಂದಲೇ ಮುಟ್ಟಿಸಿರಿ. ಮದುಮಗಳ ತಾಯಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು ಇನ್ನೊಂದು ಮಣೆಯ ಮೇಲೆ ಕೂರಿಸಿರಿ. ಅವಳ ತಲೆಗೆ ಎಣ್ಣೆ ಬಿದ್ದು ಎಷ್ಟು ಕಾಲವಾಯಿತೋ! ಇಷ್ಟನ್ನು ಮಾಡಿದರೆ ಕೂಟಕ್ಕೆ ಯಾವ ಭಾಷೆಯ ಹೆಸರಿಟ್ಟರೂ ಬಾಧಕವಿಲ್ಲ.