ಜಕಾರ್ತಾದಲ್ಲಿ ರಹೀಮ್ ಸಾಹೇಬರು

1962ರ ಸೆಪ್ಟೆಂಬರ್ 4, ಜಕಾರ್ತಾ, ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಫೈನಲ್. ತೈವಾನ್, ಇಸ್ರೇಲ್‌ಗಳನ್ನು ಕೂಟದಿಂದ ಹೊರಗಿಟ್ಟದ್ದನ್ನು ಭಾರತದ ಗುರುದತ್ ಸೋಂಧಿ ಪ್ರಶ್ನಿಸಿದ್ದರು. ಆ ಸಿಟ್ಟಿಗೆ ಇಡೀ ಕ್ರೀಡಾಂಗಣ ಭಾರತದ ಆಟಗಾರರನ್ನು ಮೂದಲಿಸುತ್ತಿತ್ತು. ಕೋಚ್ ಸೈಯದ್ ಅಬ್ದುಲ್ ರಹೀಮ್ ಹೈದರಾಬಾದಿನವರು, ಮೊದಲು ಶಾಲಾ ಮೇಷ್ಟ್ರು. ಹಿಂದಿನ ಪಂದ್ಯವೊಂದರಲ್ಲಿ ಪೆಟ್ಟಾಗಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಡಿಫೆಂಡರ್ ಜರ್ನೈಲ್ ಸಿಂಗ್‌ರನ್ನು ಅವರು ಫಾರ್ವರ್ಡ್ ಆಗಿ ಇಳಿಸಿದರು. ಜೂಜೇ ಸರಿ. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಒಂದು. ದಕ್ಷಿಣ ಕೊರಿಯಾ 2-1ರಿಂದ ಸೋತಿತು.

ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೆ 1950ರಿಂದ ಸತತ ಐದು ರೋವರ್ಸ್ ಕಪ್, 1951ರ ಏಷ್ಯನ್ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಇವೆಲ್ಲ ರಹೀಮರ ಕಾಲದವೇ. ಆದರೂ ಅವರ ತಲೆ ಹೇಗೆ ಓಡುತ್ತಿತ್ತೆಂದು ಸರಿಯಾಗಿ ಕಾಣುವುದು ಜಕಾರ್ತಾದಲ್ಲಿ. ಮರುವರ್ಷ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಏಷ್ಯನ್ ಚಿನ್ನ ಮತ್ತೆ ಬಂದಿಲ್ಲ.